ಹಾಲು ಬತ್ತುವ ಹೊತ್ತು

'ಹಾಲು ಬಿಡಿಸುವುದು' ಎಂದು ನಾವು ಆಡುವ ಮಾತಿನಲ್ಲಿ ಮರಿಯ ಸುದ್ದಿಯುಂಟು, ತಾಯಿಯ ಸುದ್ದಿಯಿಲ್ಲ. ಕೂಸಿಗೆ ಹಾಲು ಬಿಡಿಸಿದರು, ಕರುವಿಗೆ ಹಾಲು ಬಿಡಿಸಿದರು ಎನ್ನುತ್ತೇವೆ. ಬಿಟ್ಟ ಹಾಲು ಎಲ್ಲಿಗೆ ಹೋಯಿತು, ಅದನ್ನು ಹೊತ್ತಿದ್ದ ಮೈಗೆ ಏನಾಯಿತು ಎಂದು ಕೇಳುವವರು ಕಡಿಮೆ. ಆಕಳು ಎಮ್ಮೆಗಳ ವಿಷಯದಲ್ಲಿ ಹಾಗಲ್ಲ. ಅವುಗಳ ಹಾಲಿಗೆ ಬೆಲೆಯಿದೆ, ಆದುದರಿಂದ ಅದು ಯಾವಾಗ ಬತ್ತಿತು, ಏಕೆ ಬತ್ತಿತು ಎಂಬ ಲೆಕ್ಕವನ್ನು ಒಕ್ಕಲಿಗನು ನಾಲಗೆಯ ತುದಿಯಲ್ಲಿಯೇ ಇಟ್ಟುಕೊಂಡಿರುತ್ತಾನೆ. ನಾಯಿಯ ಹಾಲಿಗೆ ಬೆಲೆಯಿಲ್ಲ. ಅದರಿಂದಲೇ ಓಣಿಯಲ್ಲಿ ನಾಯಿ ಈದರೆ, ಮರಿಗಳು ಕಣ್ಣು ತೆರೆಯುವುದೇ ತಡ, ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಸಂಜೆಗೆ ತಾಯಿಯು ತುಂಬಿದ ಮೊಲೆಗಳನ್ನು ಹೊತ್ತು ಮನೆಯಿಂದ ಮನೆಗೆ ಅಲೆಯುತ್ತಿರುತ್ತದೆ. ನಾವು 'ಪಾಪ' ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ಆ 'ಪಾಪ'ಕ್ಕೆ ಮೀರಿ ಮಾಡತಕ್ಕ ಕೆಲಸವೊಂದು ಉಂಟೆಂಬುದನ್ನು, 2024ರ ದೀಪಾವಳಿಯಿಂದ ಎಳ್ಳಮಾವಾಸ್ಯೆಯವರೆಗಿನ ಎರಡು ತಿಂಗಳುಗಳು ನಮಗೆ ಕಲಿಸಿದುವು.

ನಾವು ಇರುವುದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ. ಮಳೆ ಕಡಿಮೆ ಬೀಳುವ ನಾಡು. ಜೋಳ, ಸಜ್ಜೆ, ಕುರಿ ಇವೇ ಇಲ್ಲಿಯ ಬದುಕು. ಶಾಲೆಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆಯ ಮನೆ. ಅದರ ಹಿತ್ತಲಿನಲ್ಲಿ ದನಗಳಿಲ್ಲದ ಒಂದು ದನದ ಕೊಟ್ಟಿಗೆ. ಯಾರ ನಾಯಿಯೂ ಅಲ್ಲದ, ಎಲ್ಲರ ಮನೆಯ ರೊಟ್ಟಿಯನ್ನೂ ತಿಂದು ಬೆಳೆದ ಒಂದು ಕರಿಯ ಹೆಣ್ಣುನಾಯಿ ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಪಟಾಕಿಯ ಸದ್ದಿಗೆ ಬೆದರಿ ಆ ಕೊಟ್ಟಿಗೆಯನ್ನು ಹೊಕ್ಕು, ಬೆಳಗಾಗುವುದರೊಳಗೆ ಆರು ಮರಿಗಳನ್ನು ಹಾಕಿತು. ಶಾಲೆಯ ಮಕ್ಕಳು ಅದನ್ನು ಕಾಳಿ ಎಂದು ಕರೆಯುತ್ತಿದ್ದರು. ಬಿಗಿದ ಹೊಟ್ಟೆ, ನೀಳವಾದ ಕಾಲುಗಳನ್ನು ನೋಡಿದರೆ ಮುಧೋಳ ನಾಯಿಯ ರಕ್ತ ಎಲ್ಲಿಯೋ ಒಂದು ಪಾಲು ಸೇರಿದಂತೆ ತೋರುತ್ತಿತ್ತು. ಆದರೂ 2005ರಲ್ಲಿ ಭಾರತದ ಅಂಚೆಚೀಟಿಯನ್ನೇರಿದ ಆ ಕುಲೀನ ತಳಿಗೂ ನಮ್ಮ ಕಾಳಿಗೂ ನಂಟು ಹೇಳುವುದಕ್ಕೆ ಪುರಾವೆಯೇನೂ ಇಲ್ಲ. ಮೂರನೆಯ ದಿನದ ಚಳಿಗೆ ಒಂದು ಮರಿ ಸತ್ತಿತು. ಉಳಿದುವು ಐದು: ಎರಡು ಗಂಡು, ಮೂರು ಹೆಣ್ಣು.

ನಾಯಿಯ ಮರಿ ಹುಟ್ಟುವಾಗ ಕುರುಡು, ಕಿವುಡು. ಕಣ್ಣು ತೆರೆಯಲು 10ರಿಂದ 14 ದಿನ ಬೇಕು. ಕಿವಿ ತೆರೆಯಲು ಮತ್ತೂ ಕೆಲವು ದಿನ. ತನ್ನ ಮೈಯ ಬಿಸುಪನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಆಗ ಅದಕ್ಕಿಲ್ಲ. ಹೊಟ್ಟೆಯನ್ನು ತಾಯಿ ನೆಕ್ಕದಿದ್ದರೆ ಮೂತ್ರವನ್ನೂ ಮಾಡಲಾರದು. ಹೀಗಿರುವ ಜೀವಕ್ಕೆ ತಾಯಿಯ ಹಾಲು ಎಂಬುದು ಊಟವೂ ಹೌದು, ಔಷಧಿಯೂ ಹೌದು. ಹುಟ್ಟಿದ ಮೊದಲ ದಿನದ ಗಿಣ್ಣುಹಾಲು ಮುಂದಿನ ಕೆಲವು ವಾರಗಳ ರೋಗಗಳಿಗೆ ಕವಚವಾಗಿ ನಿಲ್ಲುತ್ತದೆ. ಆಕಳ ಹಾಲಿನೊಡನೆ ಹೋಲಿಸಿದರೆ ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಇವೆರಡೂ ಹೆಚ್ಚುಕಡಿಮೆ ಎರಡರಷ್ಟು. ಇಂಥ ಗಟ್ಟಿ ಹಾಲನ್ನು ಐದು ಬಾಯಿಗಳಿಗೆ ಹಗಲಿರುಳು ಎರೆಯುವ ಮೈಗೆ ಎಷ್ಟು ಬೇಕು! ಮೂರನೆಯ, ನಾಲ್ಕನೆಯ ವಾರದಲ್ಲಿ ಹಾಲು ಉಕ್ಕಿ ಬರುವಾಗ ತಾಯಿಗೆ ಎಂದಿನ ಎರಡು ಮೂರರಷ್ಟು ಆಹಾರ ಸಲ್ಲಬೇಕು. ನಮ್ಮ ಮನೆಯವರು ದಿನಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಟ್ಟಿದರು. ಪಕ್ಕದ ಮನೆಯವರು ಮಜ್ಜಿಗೆ ಕೊಟ್ಟರು. ಆದಿತ್ಯವಾರ ಮಟನ್ ಅಂಗಡಿಯ ಉಳಿಕೆ ಬರುತ್ತಿತ್ತು. ಊರ ದನಗಳನ್ನು ನೋಡಲು ಬಂದಿದ್ದ ಪಶುವೈದ್ಯರು ತಾಯಿಗೂ ಮರಿಗಳಿಗೂ ಜಂತಿನ ಔಷಧಿ ಕೊಟ್ಟು, ಮರಿಗಳ ಹೊಟ್ಟೆಯ ಹುಳುಗಳು ಬಹುಮಟ್ಟಿಗೆ ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಬಂದವೇ ಎಂದು ತಿಳಿಸಿದರು. ಒಳ್ಳೆಯದೂ ಕೆಟ್ಟುದೂ ಒಂದೇ ದಾರಿಯಲ್ಲಿ ಬರುವುದೆಂಬುದು ನಮಗೆ ಹೊಸ ಪಾಠ.

ದೀಪಾವಳಿ ಕಳೆದು ಛಟ್ಟಿ ಅಮಾವಾಸ್ಯೆ ಬಂದಿತು. ಮರಿಗಳಿಗೆ ನಾಲ್ಕು ವಾರ ತುಂಬಿ ಹಾಲುಹಲ್ಲುಗಳು ಸೂಜಿಯ ಮೊನೆಯಂತೆ ಮೂಡಿದ್ದುವು. ಮೊದಲು ಅಡ್ಡವಾಗಿ ಮಲಗಿ ಗಂಟೆಗಟ್ಟಲೆ ಹಾಲೂಡುತ್ತಿದ್ದ ಕಾಳಿ ಈಗ ನಿಂತೇ ಊಡುತ್ತಿತ್ತು. ಮರಿಗಳು ತೂಗಾಡುತ್ತಿರುವಂತೆಯೇ ನಡೆದು ಹೋಗುತ್ತಿತ್ತು. ಹಗಲೆಲ್ಲ ಗೋದಲಿಯ ಮೇಲೆ, ಮರಿಗಳಿಗೆ ಎಟುಕದ ಎತ್ತರದಲ್ಲಿ ಹೋಗಿ ಮಲಗುತ್ತಿತ್ತು. ಬೆನ್ನಟ್ಟಿ ಬಂದ ಮರಿಗೆ ಗುರ್ರೆಂದು ಹಲ್ಲು ತೋರಿಸಿ, ಬಾಯಿ ತೆರೆದು ಅದರ ಮೂತಿಯನ್ನು ಹಿಡಿದಂತೆ ಮಾಡಿ, ಗಾಯವಾಗದಂತೆ ಬಿಡುತ್ತಿತ್ತು. ಮರಿಗಳನ್ನು ನೋಡಲು ಬರುತ್ತಿದ್ದ ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಬಂದು, "ಗುರೂಜಿ, ಕಾಳಿ ಕೆಟ್ಟಾಕಿ ಆಗ್ಯಾಳ್ರಿ. ತನ್ನ ಮಕ್ಕಳಿಗೇ ಬೊಗಳತಾಳ್ರಿ" ಎಂದಳು.

ಕಾಳಿ ಕೆಟ್ಟಿರಲಿಲ್ಲ, ಮನುಷ್ಯರು ಯಾರೂ ಹೇಳದೆಯೇ ತನ್ನ ಕೆಲಸದ ಎರಡನೆಯ ಭಾಗವನ್ನು ಆರಂಭಿಸಿತ್ತು. ಒಂದು ಬೆಳಿಗ್ಗೆ ಅದು ಹೊರಗೆಲ್ಲಿಯೋ ತಿಂದು ಬಂದು, ಮರಿಗಳು ಬಾಯಿ ನೆಕ್ಕತೊಡಗಿದ ಕೂಡಲೇ ತಿಂದುದನ್ನೆಲ್ಲ ಅವುಗಳ ಮುಂದೆ ಕಕ್ಕಿತು. ನೆರೆಯ ಅಜ್ಜಿ 'ನಾಯಿಗೆ ಬ್ಯಾನಿ ಬಂತು' ಎಂದು ಮುಚ್ಚಲು ಬೂದಿ ತರಹೋದರು. ಬೂದಿ ಬರುವಷ್ಟರಲ್ಲಿ ಮುಚ್ಚಲು ಅಲ್ಲಿ ಏನೂ ಉಳಿದಿರಲಿಲ್ಲ. ಮರಿಗಳು ನೆಲವನ್ನೂ ನೆಕ್ಕಿ ಹಸನು ಮಾಡಿದ್ದುವು. ತೋಳದ ಕುಲದಿಂದ ಬಂದ ರೂಢಿಯಿದು. ಹಾಲಿಗೂ ಗಟ್ಟಿ ತಿನಿಸಿಗೂ ನಡುವೆ ತಾಯಿ ತನ್ನ ಹೊಟ್ಟೆಯಲ್ಲಿಯೇ ಒಂದು ಸೇತುವೆಯನ್ನು ಕಟ್ಟಿ ಕೊಡುತ್ತದೆ.

ಆ ಸೇತುವೆಗೆ ನಾವೂ ಒಂದು ಕಲ್ಲು ಜೋಡಿಸಬೇಕಾಗಿತ್ತು. ಜೋಳದ ನುಚ್ಚನ್ನು ಉಪ್ಪಿಲ್ಲದೆ ಹಣ್ಣಾಗಿ ಬೇಯಿಸಿ, ಆರಿಸಿ, ಸ್ವಲ್ಪ ಮೊಸರು ಮತ್ತು ಬೇಯಿಸಿದ ತತ್ತಿಯನ್ನು ನುರಿದು ಕಲಸಿ, ಗಂಜಿಯಷ್ಟು ತೆಳ್ಳಗೆ ಮಾಡಿದೆವು. ಹಸುವಿನ ಹಾಲನ್ನೇ ಬಟ್ಟಲು ತುಂಬ ಎರೆಯುವ ರೂಢಿ ನಮ್ಮಲ್ಲಿ ಬಹಳ. ಅದರಲ್ಲಿನ ಹಾಲುಸಕ್ಕರೆ ನಾಯಿಯ ಹಾಲಿನಲ್ಲಿರುವುದಕ್ಕಿಂತ ಹೆಚ್ಚಾದುದರಿಂದ ಮರಿಗಳಿಗೆ ಭೇದಿಯಾಗುತ್ತದೆ. ಎಳೆಯ ಮರಿಗೆ ಎರಡು ದಿನದ ಭೇದಿಯೇ ಪ್ರಾಣಕ್ಕೆ ಸಾಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರೂ ನಾಯಿಗೆ ವಿಷವೇ. ಮೊದಲ ದಿನ ಬೆರಳಿಗೆ ಹಚ್ಚಿ ನೆಕ್ಕಿಸಿದೆವು. ಮರುದಿನ ಅಂಚು ಕಡಿಮೆಯಿರುವ ತಾಟಿನಲ್ಲಿ ಇಟ್ಟೆವು. ಐದೂ ಮರಿಗಳು ತಾಟಿನೊಳಗೇ ಇಳಿದು, ಒಂದರ ಕಾಲನ್ನು ಮತ್ತೊಂದು ನೆಕ್ಕಿ, ಮೂಗಿನಲ್ಲಿ ಗಂಜಿ ಏರಿ ಸೀನಿದುವು. ಮೂರನೆಯ ದಿನಕ್ಕೆ ತಾಟಿನ ಹೊರಗೆ ನಿಂತು ತಿನ್ನುವುದನ್ನು ಕಲಿತುವು. ದಿನಕ್ಕೆ ನಾಲ್ಕು ಸಲ. ಮೊದಲ ವಾರ ಗಂಜಿ, ಎರಡನೆಯ ವಾರ ಮುದ್ದೆಯಂತೆ, ಆಮೇಲೆ ನೆನೆಸಿ ಹಿಚುಕಿದ ರೊಟ್ಟಿ. ಪಕ್ಕದಲ್ಲಿ ಯಾವಾಗಲೂ ಒಂದು ಬಟ್ಟಲು ನೀರು. ಹಾಲು ಕುಡಿಯುವವರೆಗೆ ಬೇರೆ ನೀರನ್ನು ಕೇಳದಿದ್ದ ಮರಿ, ಗಟ್ಟಿ ತಿನಿಸು ಬಂದೊಡನೆ ನೀರನ್ನು ಹುಡುಕುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇದನ್ನು ನೋಡುವಾಗ ಜೂನ್ ತಿಂಗಳ ನೆನಪು ಬರದಿರದು. ಮೊದಲ ಇಯತ್ತೆಯ ಕೂಸುಗಳನ್ನು ಶಾಲೆಯ ಬಾಗಿಲಲ್ಲಿ ಬಿಡುವ ಕಾಲ. ಕೈಯನ್ನು ಕಿತ್ತುಕೊಂಡು ಓಡುವ ತಾಯಿಯ ಮಗು ವಾರವೆಲ್ಲ ಅಳುತ್ತದೆ. ಕಿಟಕಿಯ ಹೊರಗೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿಯ ಮಗು ತಿಂಗಳೆಲ್ಲ ಅಳುತ್ತದೆ. ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಒಂದು ಗಂಟೆ ಕೂಡಿಸಿ, 'ಮಧ್ಯಾಹ್ನ ಬರತೇನಿ' ಎಂದು ಹೇಳಿ, ಹೇಳಿದ ಹೊತ್ತಿಗೆ ಬರುವ ತಾಯಿಯ ಮಗು ಬೇಗ ಸುಧಾರಿಸುತ್ತದೆ. ನಮ್ಮ ಮನೆಯಲ್ಲಿಯೂ ಅದೇ ವರ್ಷ ಕಿರಿಯ ಮಗಳಿಗೆ ಎರಡು ತುಂಬಿ ಹಾಲು ಬಿಡಿಸುವ ಮಾತು ನಡೆದಿತ್ತು. ನಮ್ಮ ತಾಯಿಯವರು ಹಿಂದಿನವರಂತೆ ಎದೆಗೆ ಬೇವಿನ ಎಲೆ ಅರೆದು ಹಚ್ಚಲು ಹೇಳಿದರು. ಮನೆಯವರು ಕಹಿಯನ್ನು ಹಚ್ಚಲಿಲ್ಲ. ಹಗಲಿನ ಹಾಲು ಮೊದಲು, ಸಂಜೆಯದು ಆಮೇಲೆ, ರಾತ್ರಿಯದು ಕಡೆಗೆ ಎಂದು ಒಂದೊಂದಾಗಿ ಬಿಡಿಸಿದರು. ಎರಡು ತಿಂಗಳು ಹಿಡಿಯಿತು. ಆದರೆ ಮಗು ತಾಯಿಯ ಮೈಯನ್ನು ಕಹಿಯೆಂದು ತಿಳಿಯದೆ ಹಾಲನ್ನು ಬಿಟ್ಟಿತು.

ಮರಿಗಳಿಗೆ ಐದು ವಾರ ತುಂಬುತ್ತಲಿರುವಾಗ ಕುರಿ ಕಾಯುವ ಹಿರಿಯರೊಬ್ಬರು ನಮ್ಮ ಬಾಗಿಲಿಗೆ ಬಂದರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ. ಎಳ್ಳಮಾವಾಸ್ಯೆ ಮುಗಿಸಿಕೊಂಡು ಕುರಿಗಳನ್ನು ಕೃಷ್ಣಾ ತೀರದ ಕಬ್ಬಿನ ಸೀಮೆಗೆ ಹೊಡೆದುಕೊಂಡು ಹೋಗುವವರು. ಅವರ ಹಳೆಯ ನಾಯಿ ಹಿಂದಿನ ಮಳೆಗಾಲದಲ್ಲಿ ಸತ್ತಿತ್ತು. ಎರಡು ಗಂಡುಮರಿಗಳನ್ನು ಅಂದೇ ಕಂಬಳಿಯಲ್ಲಿ ಕಟ್ಟಿಕೊಂಡು ಹೋಗುವುದಾಗಿ ಹೇಳಿದರು. ಮೂರು ವಾರ ತಡೆಯಿರೆಂದು ನಾವು ಕೇಳಿಕೊಂಡೆವು. ಅದಕ್ಕೆ ಅವರು ಕೊಟ್ಟ ಉತ್ತರ ಸುಮ್ಮನೆ ತಳ್ಳಿಹಾಕುವಂಥದಲ್ಲ.

"ಮಾಸ್ತರ್ರ, ಕುರಿ ವಾಸನ್ಯಾಗ ಬೆಳೀಲಾರದ ನಾಯಿ ಕುರಿ ಕಾಯೂದಿಲ್ರಿ. ಎಳೀದಿದ್ದಾಗ ಹಟ್ಟ್ಯಾಗ ಬಿದ್ದಿರಬೇಕು. ದೊಡ್ಡದಾದ ಮ್ಯಾಲ ತಂದ್ರ ಕಾಯೂದು ಬಿಟ್ಟು ಕುರೀನ ತಿಂತೈತಿ."

ಅವರ ಮಾತು ನಿಜ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲದಲ್ಲಿ ಮರಿಯು ತನ್ನವರು ಯಾರು, ಪರರು ಯಾರು ಎಂಬುದನ್ನು ಕಲಿಯುತ್ತದೆ. ಆಗ ಕುರಿಗಳ ನಡುವೆ ಇದ್ದುದು ಕುರಿಗಳನ್ನು ತನ್ನವೆಂದೇ ತಿಳಿಯುತ್ತದೆ. ಆದರೆ ನಮ್ಮ ಮಾತೂ ಸುಳ್ಳಲ್ಲ. ಅದೇ ಕಾಲದಲ್ಲಿಯೇ ಒಡಹುಟ್ಟಿದವುಗಳೊಡನೆ ಕಚ್ಚಾಡುತ್ತ, ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು. ಮಿತಿಮೀರಿದರೆ ತಾಯಿ ಗದರಿಸುವುದು. ಐದು ವಾರಕ್ಕೆ ಅಗಲಿಸಿದ ಮರಿಗೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ; ಮುಂದೆ ಅದರ ಹಲ್ಲಿಗೆ ಹದವಿರುವುದಿಲ್ಲ. ತಾಯಿಯ ಪಾಡೂ ಉಂಟು: ಹಾಲು ಉಕ್ಕುತ್ತಿರುವ ವಾರದಲ್ಲಿ ಕುಡಿಯುವ ಬಾಯಿಗಳು ಒಮ್ಮೆಲೇ ಮಾಯವಾದರೆ ಮೊಲೆಗಳು ಕಲ್ಲಾಗುತ್ತವೆ, ಬಾವು ಕಟ್ಟುತ್ತವೆ. ಎರಡು ಸತ್ಯಗಳು ಎದುರುಬದುರಾಗಿ ಕುಳಿತು, ಕಾಕಾ ಎಲೆಯಡಿಕೆಯ ಚೀಲವನ್ನು ಬಿಚ್ಚಿದರು.

ಬಿಡಿಸಿದವರು ಅವರ ತಾಯಿ. ಎಂಬತ್ತರ ಹತ್ತಿರದ ಮುದುಕಿ. ನಾವೆಲ್ಲ ಆಯಿ ಎನ್ನುತ್ತೇವೆ. ಮಗನ ಹಿಂದೆಯೇ ಬಂದು ಕೊಟ್ಟಿಗೆಯಲ್ಲಿ ಕಾಳಿಯ ಮೈ ಸವರುತ್ತ ಕುಳಿತವರು ಅಲ್ಲಿಂದಲೇ ಕೂಗಿದರು: "ನಾಯಿಮರಿ ಎರಡ ಅಮಾಸಿ ನೋಡೂತನಕ ತಾಯೀನ ಬಿಡಿಸಬಾರದೋ ತಮ್ಮಾ. ಮರಿ ಹಟ್ಟಿಗಿ ಹೋಗಾಕ ಆಗಲಿಲ್ಲಂದ್ರ ಹಟ್ಟೀನs ಮರಿ ಕಡೆ ತರೂನು. ಮಾಸ್ತರಾ, ನಿಮ್ಮ ಹಿತ್ತಲ ಹಿಂದಿನ ಹೊಲ ಯಾರ್ದು?"

ಹೊಲ ಮನೆಯ ಒಡೆಯರದೇ. ಸಜ್ಜೆ ಕೊಯ್ದು ಬರಿದಾಗಿತ್ತು. ಕುರಿ ತರುಬಿದರೆ ಗೊಬ್ಬರವಾಗುವುದೆಂದು ಅವರು ಸಂತೋಷದಿಂದ ಒಪ್ಪಿದರು. ಹೀಗೆ ಹಟ್ಟಿ ನಮ್ಮ ಹಿತ್ತಲಿನ ಬೇಲಿಗೆ ಬಂದಿತು. ಮುಂದಿನ ಮೂರು ವಾರ ಸುತ್ತಲಿನ ಹೊಲಗಳಲ್ಲಿಯೇ, ಕರೆದರೆ ಕೇಳುವಷ್ಟು ದೂರದಲ್ಲಿ, ತಿರುಗುತ್ತಿತ್ತು. ಇದಲ್ಲದೆ ಎರಡು ಗಂಡುಗಳನ್ನೇ ಕೇಳಿದ್ದ ಮಗನಿಗೆ ಆಯಿ ಒಂದು ಗಂಡು ಒಂದು ಹೆಣ್ಣನ್ನು ಗೊತ್ತುಮಾಡಿಕೊಟ್ಟರು. ದೊಡ್ಡ ಕುರಿಗಳು ಮೇಯಲು ಹೋದಾಗ ಎಳೆಯ ಕುರಿಮರಿಗಳನ್ನು ಬಲೆಯ ಬೇಲಿಯೊಳಗೆ ಬಿಟ್ಟು ಹೋಗುವುದು ಅವರ ವಾಡಿಕೆ. ಅದರೊಳಗೆ ಈ ಎರಡು ನಾಯಿಮರಿಗಳನ್ನೂ ಬಿಡತೊಡಗಿದರು: ಮೊದಲ ದಿನ ಒಂದು ತಾಸು, ಮರುದಿನ ಎರಡು ತಾಸು, ಆಮೇಲೆ ಹಗಲೆಲ್ಲ. ರಾತ್ರಿಗೆ ಅವು ತಾಯಿಯ ಬಳಿಗೆ. ಉಳಿದ ಮೂರನ್ನು ನಾವು ಹಗಲಿನಲ್ಲಿ ಮನೆಯ ಪಡಸಾಲೆಯಲ್ಲಿ ಕೂಡಿಹಾಕಿದೆವು. ಕಾಳಿ ಊಡುವುದು ದಿನಕ್ಕೆ ಆರೇಳು ಸಲ ಇದ್ದುದು ನಾಲ್ಕಾಯಿತು, ಮೂರಾಯಿತು, ಏಳನೆಯ ವಾರದ ಕೊನೆಗೆ ರಾತ್ರಿಯ ಒಂದೇ ಸಲಕ್ಕೆ ಇಳಿಯಿತು. ಕುರಿಮರಿಗಳ ಉಣ್ಣೆಯ ವಾಸನೆಯನ್ನು ಮೈಗೆ ಹತ್ತಿಸಿಕೊಂಡು ಬಂದ ಮಕ್ಕಳನ್ನು ಅದು ಮೂಸಿ ನೋಡಿ, ಬಹಳ ಹೊತ್ತು ನೆಕ್ಕಿ, ತನ್ನ ವಾಸನೆಗೆ ತಂದುಕೊಂಡೇ ಮಲಗುತ್ತಿತ್ತು.

2024ರ ಡಿಸೆಂಬರ್ 30ರಂದು ಎಳ್ಳಮಾವಾಸ್ಯೆ. ಊರವರು ಹೊಲಗಳಲ್ಲಿ ಚರಗ ಚೆಲ್ಲಿ ಉಂಡು ಬಂದರು. ಎರಡು ಅಮಾವಾಸ್ಯೆಯ ಆಯಿಯ ಲೆಕ್ಕವೂ, ಎಂಟು ವಾರವೆಂಬ ಪಶುವೈದ್ಯರ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ನಿಂತುವು. ಮರುದಿನ ಬೆಳಕು ಹರಿಯುವಾಗ ಹಟ್ಟಿ ಎದ್ದಿತು. ಎರಡು ಮರಿಗಳು ಹಟ್ಟಿಯೊಡನೆ ಹೋದುವು. ಇನ್ನೊಂದು ಗಂಡನ್ನು ತೋಟದ ವಸ್ತಿಯ ಒಕ್ಕಲಿಗರು ಒಯ್ದರು. ಒಂದು ಹೆಣ್ಣನ್ನು ಶಾಲೆಯಲ್ಲಿ ಅಡುಗೆ ಮಾಡುವ ಮಾವಶಿ ಕೇಳಿದರು. 'ಹೆಣ್ಣುನಾಯಿ ಏತಕ್ಕೆ' ಎಂದು ಯಾರೋ ನಕ್ಕುದಕ್ಕೆ, "ಯಾಕ, ಹೆಣ್ಣು ಬೊಗಳಂಗಿಲ್ಲೇನು?" ಎಂದು ಅವರು ಮರಿಯನ್ನು ಮಡಿಲಿಗೆ ಹಾಕಿಕೊಂಡರು. ಯಾರೂ ಕೇಳದ ಕೊನೆಯ ಹೆಣ್ಣು ನಮ್ಮ ಪಾಲಿಗೆ ಉಳಿಯಿತು. ಅದೂ ಹದಿನೈದು ದಿನ ಪಡಸಾಲೆಯಲ್ಲಿಯೇ ಇರತಕ್ಕದ್ದೆಂದು ಗೊತ್ತುಮಾಡಿದೆವು; ಒಂದು ಬಾಯಿ ಹೀರಿದರೂ ಹತ್ತು ಮೊಲೆಗಳಿಗೆ ಹಾಲಿನ ನೆನಪು ಬರುತ್ತದೆ.

ಹೋಗುವ ಮೊದಲು ಆಯಿ ಹೇಳಿದ ಮಾತನ್ನು ಇಲ್ಲಿ ಬರೆಯದಿದ್ದರೆ ಈ ಬರೆಹಕ್ಕೆ ಅರ್ಥವಿಲ್ಲ. "ಮಾಸ್ತರಾ, ಹಾಲಂದ್ರ ಬಾವ್ಯಾನ ನೀರಿದ್ದಂಗ. ಜಗ್ಗಿದಷ್ಟೂ ಸೆಲಿ ಒಡೀತೈತಿ; ಜಗ್ಗೂದು ಬಿಟ್ರ ಸೆಲಿ ತಾನs ಮುಚ್ಚತೈತಿ. ಮೊಲಿ ಬಿಗದಾವಂತ ಹಿಂಡಾಕ ಹೋಗಬ್ಯಾಡ್ರಿ. ಕುರಿಗೂ ನಾವು ಹಂಗs ಮಾಡತೇವು, ಹಸರು ಮೇವ ಬಿಡಿಸಿ ಒಣಾ ಕಣಿಕಿ ಹಾಕತೇವು." ಪಶುವೈದ್ಯರು ಹೇಳಿದುದೂ ಇದನ್ನೇ, ಬೇರೆ ಮಾತುಗಳಲ್ಲಿ. ಮರಿ ಮೊಲೆಯನ್ನು ಹೀರಿದಾಗಲೆಲ್ಲ ತಾಯಿಯ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ರಕ್ತಕ್ಕೆ ಇಳಿದು ಹಾಲನ್ನು ಹುಟ್ಟಿಸುತ್ತದೆ. ಹೀರುವುದು ನಿಂತರೆ ಆ ರಸವೂ ತಗ್ಗುತ್ತದೆ. ಒಳಗೆ ನಿಂತ ಹಾಲಿನ ಒತ್ತಡವೇ 'ಇನ್ನು ಸಾಕು' ಎಂಬ ಸೂಚನೆಯಾಗಿ, ಹಾಲು ಹುಟ್ಟುವುದು ನಿಂತು, ಉಳಿದುದನ್ನು ಮೈಯೇ ಮೆಲ್ಲಗೆ ಹೀರಿಕೊಳ್ಳುತ್ತದೆ. ಕನಿಕರದಿಂದ ಹಿಂಡಿದರೆ ಆ ಗಳಿಗೆಗೆ ಹಿತ. ಆದರೆ ಮೈಗೆ ಹೋಗುವ ಸುದ್ದಿ 'ಮರಿ ಇನ್ನೂ ಕುಡಿಯುತ್ತಲಿದೆ' ಎಂದು. ಕಣ್ಣೆದುರಿಗೆ ನೋವನ್ನು ನೋಡುತ್ತ ಕೈ ಕಟ್ಟಿಕೊಂಡಿರುವುದೇ ಇಲ್ಲಿ ಆರೈಕೆ. ಅದು ಸುಲಭವಾದ ಆರೈಕೆಯಲ್ಲ.

ಊಟದ ಕ್ರಮ ಹೀಗಿತ್ತು. ಕೊನೆಯ ವಾರದಲ್ಲಿಯೇ ಕಾಳಿಯ ಹೆಚ್ಚುವರಿ ರೊಟ್ಟಿಗಳನ್ನು ಒಂದೊಂದಾಗಿ ಕಡಿಮೆ ಮಾಡಿದ್ದೆವು. ಮರಿಗಳು ಹೋದ ದಿನ ಊಟವಿಲ್ಲ, ನೀರು ಮಾತ್ರ. ಎರಡನೆಯ ದಿನ ಎಂದಿನ ಊಟದ ಕಾಲುಭಾಗ. ಮೂರನೆಯ ದಿನ ಅರ್ಧ. ನಾಲ್ಕನೆಯ ದಿನ ಮುಕ್ಕಾಲು. ಐದನೆಯ ದಿನ ಪೂರ್ತಿ. ಗಟ್ಟಿಮುಟ್ಟಾದ ತಾಯಿಗೆ ಮಾತ್ರ ಈ ಕ್ರಮ. ಎಲುಬು ಎದ್ದ ತಾಯಿಗೆ ಉಪವಾಸ ಹಾಕಲಾಗದು. ನೀರನ್ನು ಎಂದೂ ತಡೆಯಕೂಡದು. ಊರಲ್ಲಿ ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಮೊಲೆಗೆ ಬೇವು ಹಚ್ಚಿರಿ ಎಂದರು ಕೆಲವರು. ಬಾಣಂತಿಯರ ಹಾಲು ಬತ್ತಿಸಲು ಎದೆಗೆ ಮಲ್ಲಿಗೆಯ ಹೂ ಕಟ್ಟುವ ದಕ್ಷಿಣದ ರೂಢಿಯನ್ನು ಕೇಳಿದ್ದವರೊಬ್ಬರು ಹೂ ಕಟ್ಟಿರೆಂದೂ ಹೇಳಿದರು. ಆದರೆ ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಮೈಗೆ ಹಚ್ಚಿದುದೆಲ್ಲ ಹೊಟ್ಟೆಗೇ ಹೋಗುವುದು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಇಡುವುದೊಂದನ್ನೇ ನಾವು ಮಾಡಿದುದು. ಹಾಲು ನಿಲ್ಲಿಸುವ ಔಷಧಿಗಳೂ ಉಂಟು. ಅವು ವೈದ್ಯರ ಕೈಯಲ್ಲಿಯೇ ಇರಬೇಕಾದುವು. ಮನುಷ್ಯರ ನೋವಿನ ಗುಳಿಗೆಗಳನ್ನಂತೂ ನಾಯಿಗೆ ಕೊಡಲೇಬಾರದು.

ಬೆಳಿಗ್ಗೆ ಸಂಜೆ ಐದು ಜೊತೆ ಮೊಲೆಗಳನ್ನೂ ಅಂಗೈಯಿಂದ ಮುಟ್ಟಿ ನೋಡುವುದು ನಮ್ಮ ಕೆಲಸ. ಎರಡನೆಯ ದಿನ ಎಲ್ಲವೂ ಬಿಗಿದುವು. ಮೂರನೆಯ ದಿನ ಹಿಂದಿನ ಜೊತೆಯಲ್ಲಿ ಒಂದು ಕಲ್ಲಿನಂತಾಗಿ, ಬಿಸಿಯಾಗಿ, ಮುಟ್ಟಿದರೆ ಕಾಳಿ ತಿರುಗಿ ನಮ್ಮ ಕೈಯನ್ನು ಹಲ್ಲಿನಿಂದ ಮೆತ್ತಗೆ ಹಿಡಿಯಿತು. ನಮಗೆ ಗಾಬರಿಯಾಯಿತು. ಮೊಲೆಬಾವು ಎಂಬುದು ಹೀಗೆಯೇ ಆರಂಭವಾಗುತ್ತದೆ: ಚರ್ಮ ಕೆಂಪಾಗಿ ಆಮೇಲೆ ನೀಲಿ ಕಪ್ಪಾಗುವುದು, ಹಾಲಿನಲ್ಲಿ ರಕ್ತವೋ ಕೀವೋ ಬರುವುದು, ಜ್ವರ, ಊಟ ಬಿಡುವುದು, ತಡಮಾಡಿದರೆ ಪ್ರಾಣಕ್ಕೇ ಬರುವುದು. ಅಂದೇ ಟಂಟಂ ಗಾಡಿಯಲ್ಲಿ ಪಶುವೈದ್ಯರಲ್ಲಿಗೆ ಒಯ್ದೆವು. ಜ್ವರ ನೋಡಿದರು: 102 ಡಿಗ್ರಿ. ಮನುಷ್ಯನಿಗೆ ಜ್ವರವೆನಿಸುವ ಈ ಬಿಸಿ ನಾಯಿಗೆ ಸಹಜವಾದುದು. ಒಂದೇ ಒಂದು ಹನಿಯನ್ನು ಗಾಜಿನ ಮೇಲೆ ತೆಗೆದು ತೋರಿಸಿದರು, ಬೆಳ್ಳಗೆ ಶುದ್ಧವಾಗಿತ್ತು. ಬಾವಿಲ್ಲ, ತುಂಬಿದ ಬಿಗಿತವಷ್ಟೇ. ಹೀಗೆಯೇ ನಡೆಸಿರೆಂದು ಹೇಳಿ ಕಳಿಸಿದರು.

ಆ ರಾತ್ರಿ ಕಾಳಿ ಕೊಟ್ಟಿಗೆಯಲ್ಲಿ ಮರಿಗಳ ಗೋಣಿತಟ್ಟನ್ನು ಕಾಲಿನಿಂದ ಕೆದರಿ ಕೆದರಿ ನೋಡಿತು. ಮಹಾಭಾರತದ ಆದಿಪರ್ವದ ಮೊದಲಲ್ಲಿ ಸರಮೆಯೆಂಬ ದೇವಲೋಕದ ನಾಯಿಯ ಕಥೆ ಬರುತ್ತದೆ. ಜನಮೇಜಯನ ಯಜ್ಞಶಾಲೆಗೆ ಬಂದ ಅವಳ ಮಗನನ್ನು ಅರಸನ ತಮ್ಮಂದಿರು ಹೊಡೆಯುತ್ತಾರೆ. ಮಗ ಅಳುತ್ತ ತಾಯಿಯಲ್ಲಿಗೆ ಓಡುತ್ತಾನೆ. ತಾನು ಹವಿಸ್ಸನ್ನು ನೋಡಲಿಲ್ಲ, ನೆಕ್ಕಲಿಲ್ಲ ಎನ್ನುತ್ತಾನೆ. ಸರಮೆ ನೆಟ್ಟಗೆ ಅರಸನ ಯಜ್ಞಶಾಲೆಗೇ ಹೋಗಿ, ತಪ್ಪು ಮಾಡದವನನ್ನು ಏಕೆ ಹೊಡೆದಿರೆಂದು ಕೇಳುತ್ತಾಳೆ. ಉತ್ತರ ಹೇಳುವವರಿರುವುದಿಲ್ಲ, ಶಪಿಸಿ ಬರುತ್ತಾಳೆ. ಅಷ್ಟು ದೊಡ್ಡ ಗ್ರಂಥದ ಹೊಸ್ತಿಲಿನಲ್ಲಿಯೇ ವ್ಯಾಸರು ಒಂದು ತಾಯಿನಾಯಿಯನ್ನು ನಿಲ್ಲಿಸಿದುದು ಏಕೆಂಬುದು ಗೋಣಿತಟ್ಟಿನ ಸದ್ದನ್ನು ಕೇಳುತ್ತ ಮಲಗಿದ್ದ ನಮಗೆ ಕೊಂಚ ಹೊಳೆಯಿತು. ಸರಮೆಯ ಮಗ ಹಾಲು ಕುಡಿಯುವ ಮರಿಯಾಗಿರಲಿಲ್ಲ. ಊರು ಸುತ್ತುವಷ್ಟು ದೊಡ್ಡವನು. ಹಾಲು ಬತ್ತುವುದು ಬೇರೆ, ತಾಯ್ತನ ಬತ್ತುವುದು ಬೇರೆ.

ಐದನೆಯ ದಿನದಿಂದ ಬಿಗಿತ ಇಳಿಯಿತು. ಹತ್ತನೆಯ ದಿನಕ್ಕೆ ಮೊಲೆಗಳು ಮೆತ್ತಗಾದುವು. ಹದಿನೈದಕ್ಕೆ ಬರಿದಾದ ಚೀಲಗಳಂತೆ ಹೊಟ್ಟೆಗೆ ಅಂಟಿಕೊಂಡುವು. ಪಡಸಾಲೆಯ ಮರಿಯನ್ನು ಹೊರಗೆ ಬಿಟ್ಟೆವು. ಅದು ಓಡಿಹೋಗಿ ತಾಯಿಯ ಹೊಟ್ಟೆಗೆ ಮೂತಿ ಇಟ್ಟಿತು. ಏನೂ ಸಿಗದಿರಲು ಒಂದು ಗಳಿಗೆ ನಿಂತು ನೋಡಿ, ತಾಯಿಯ ಬಾಲವನ್ನು ಹಿಡಿದು ಜಗ್ಗತೊಡಗಿತು. ಕಾಳಿ ಗದರಿಸಲಿಲ್ಲ. ಗದರಿಸಿ ಕಾಯಬೇಕಾದುದು ಏನೂ ಉಳಿದಿರಲಿಲ್ಲ; ಇಬ್ಬರೂ ಹಿತ್ತಲಿನಲ್ಲಿ ಓಡಾಡಿ ಆಡಿದರು.

2025ರ ಫೆಬ್ರುವರಿಯಲ್ಲಿ ಕಾಳಿಗೆ ಸಂತಾನ ನಿಲ್ಲಿಸುವ ಶಸ್ತ್ರಕ್ರಿಯೆ ಮಾಡಿಸಿದೆವು. ಹಾಲು ತುಂಬಿದ ಮೈಯಲ್ಲಿ ರಕ್ತನಾಳಗಳು ಉಬ್ಬಿರುವುದರಿಂದ, ಪೂರ್ತಿ ಬತ್ತಿದ ಮೇಲೆಯೇ ಅದನ್ನು ಮಾಡುವುದು ಲೇಸು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿವೆ. ಆದರೆ ಕಾಳಿ ಹೆರಿಗೆಗೆ ನಮ್ಮ ಹಿತ್ತಲನ್ನೇ ಆರಿಸಿಕೊಂಡು ಬಂದುದರಿಂದ ಅದರ ಪಾಲಿನ ಹೊಣೆಯನ್ನು ನಾವೇ ಹೊತ್ತೆವು. ಮೂರು ತಿಂಗಳು ತುಂಬಿದ ಮರಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದುದಾಯಿತು. ಹಟ್ಟಿಯ ಎರಡಕ್ಕೆ ಕಾಕಾ ದಾರಿಯ ಊರೊಂದರಲ್ಲಿ ಹಾಕಿಸಿ ಫೋನಿನಲ್ಲಿ ತಿಳಿಸಿದರು. ಹೆಣ್ಣುಮರಿ ಕುರಿಯ ಕೊರಳಿಗೆ ತಲೆಯಿಟ್ಟು ಮಲಗುತ್ತದೆಂದೂ, ಗಂಡು ಇನ್ನೂ ಚಪ್ಪಲಿ ಕಡಿಯುವುದರಲ್ಲಿಯೇ ಇದೆಯೆಂದೂ ಅದೇ ಫೋನಿನಲ್ಲಿ ಆಯಿಯ ವರದಿ ಬಂದಿತು.

ಓದುಗರಲ್ಲಿ ಯಾರ ಹಿತ್ತಲಿನಲ್ಲಾದರೂ ನಾಯಿ ಈದರೆ, ಮರಿ ಕೇಳಲು ಬಂದವರನ್ನು ಎರಡು ಅಮಾವಾಸ್ಯೆ ತಡೆಯಿರಿ. ತಡೆಯಲಾಗದ ಕಾರಣವಿದ್ದರೆ ಅವರ ಹಟ್ಟಿಯನ್ನೇ ಹತ್ತಿರಕ್ಕೆ ಕರೆಯಿರಿ. ಮರಿಗಳನ್ನು ಒಂದೇ ದಿನ ಕಿತ್ತುಕೊಡದೆ, ಹಗಲನ್ನು ಮೊದಲು, ರಾತ್ರಿಯನ್ನು ಆಮೇಲೆ ಬಿಡಿಸಿರಿ. ಮರಿಗಳು ಹೋದ ಸಂಜೆ ಬಾಗಿಲು ಹಾಕಿಕೊಳ್ಳದೆ ಹದಿನೈದು ದಿನ ತಾಯಿಯ ಮೈಮೇಲೆ ಕೈಯಾಡಿಸಿರಿ. ಬಿಸಿಯಾಗಿ ಕೆಂಪಾದರೆ ವೈದ್ಯರಲ್ಲಿಗೆ ಒಯ್ಯಿರಿ, ಬಿಗಿದಿದ್ದರೆ ಹಿಂಡಬೇಡಿರಿ. ಸೆಲೆ ತಾನಾಗಿಯೇ ಮುಚ್ಚುತ್ತದೆ.